ರೈಲು ತಪ್ಪಿದ ಬಂದರು, ರಜೆಗೆ ಸಿಕ್ಕ ಕಡಲು

1883ರಲ್ಲಿ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಟ್ಯಾಗೋರರು ಕಾರವಾರದ ಮರಳಿನ ಮೇಲೆ ಅಡ್ಡಾಡುತ್ತಿದ್ದಾಗ ಅಲ್ಲಿ ಸುಯ್ಯೆನ್ನುತ್ತಿದ್ದ ಗಾಳಿಮರಗಳಿಗೆ ಹೆಚ್ಚೆಂದರೆ ಹದಿನೈದು ವರ್ಷ. ಆಸ್ಟ್ರೇಲಿಯಾ, ಆಗ್ನೇಯ ಏಷ್ಯಾದ ಕಡೆಯ ಈ ಮರವನ್ನು ಬ್ರಿಟಿಷರ ಕಾಲದಲ್ಲಿ ಸೌದೆಗೆಂದು ಇಲ್ಲಿ ನೆಡಲು ತೊಡಗಿದ್ದು 1868ರ ಸುಮಾರಿಗೆ. ನಮ್ಮ ದೇಶದಲ್ಲಿ ಗಾಳಿಮರವನ್ನು ತೋಪು ಮಾಡಿ ಬೆಳೆಸುವ ಕೆಲಸ ಮೊದಲಾದದ್ದೇ ಕಾರವಾರದ ತೀರದಿಂದ ಎಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಕವಿ ಕಂಡದ್ದು ತಂಪು ನೆರಳು, ನೆಟ್ಟವರ ಲೆಕ್ಕದಲ್ಲಿದ್ದದ್ದು ಉರುವಲು.

ಕಾರವಾರದ ಕಡಲತೀರದ ಚರಿತ್ರೆ ಬಹುಮಟ್ಟಿಗೆ ಹೀಗೆಯೇ ಸಾಗಿದೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯ ಸಂಸಾರಗಳು ಏಪ್ರಿಲ್-ಮೇ ತಿಂಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದು ಕೂರುವ ಆ ಅರ್ಧಚಂದ್ರಾಕಾರದ ಮರಳನ್ನು ವಿಹಾರಕ್ಕೆಂದು ಯಾರೂ ಯೋಜನೆ ಹಾಕಿ ಉಳಿಸಲಿಲ್ಲ. ಬಂದರು ದೊಡ್ಡದಾಗಬೇಕೆಂದು ಹೊರಟವರ ಎಣಿಕೆ ತಪ್ಪಿತು, ಬರಬೇಕಿದ್ದ ರೈಲು ಬೇರೆ ಕಡೆ ಹೋಯಿತು. ಆಗ ಖಾಲಿ ಉಳಿದ ಜಾಗ ಊರಿನವರ ಪಾಲಿಗೆ ಬಂತು. ಅದು ಎಷ್ಟು ದುಬಾರಿ ಉಳಿಕೆ ಎಂಬುದು ಈಗ, ಸುತ್ತಲಿನ ತೀರವೆಲ್ಲ ಒಂದೊಂದಾಗಿ ಬೇಲಿಯೊಳಗೆ ಹೋದ ಮೇಲೆ ಗೊತ್ತಾಗುತ್ತಿದೆ.

ಕರಾವಳಿಯವರಿಗೆ ಕಡಲು ಸುಮ್ಮನೆ ಕೂತು ನೋಡುವ ಜಾಗವಾಗಿರಲಿಲ್ಲ. ಅದು ದುಡಿಮೆಯ ಜಾಗ, ಇಲ್ಲವೇ ಪುಣ್ಯದ ಜಾಗ. ಅಮಾವಾಸ್ಯೆಯ ಸಮುದ್ರಸ್ನಾನಕ್ಕೆ, ಗಣಪತಿ ಬಿಡುವುದಕ್ಕೆ, ಪುಷ್ಯ ಹುಣ್ಣಿಮೆಯ ಹೊತ್ತಿಗೆ ದೋಣಿಯೇರಿ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಗೆ ಜನ ನೀರಿನ ಕಡೆ ಹೋಗುತ್ತಿದ್ದರು. ಉಳಿದ ದಿನ ಅಲ್ಲಿ ಮೀನುಗಾರರದೇ ರಾಜ್ಯ. ರಂಪಣಿ ಬಲೆಯ ಕಾಲದಲ್ಲಿ ಬಂಗಡೆಯ ಹಿಂಡು ದಡದ ಹತ್ತಿರ ಬಂತೆಂದರೆ ದೋಣಿಯವರು ಕೊಲ್ಲಿಗೆ ಅಡ್ಡಲಾಗಿ ಬಲೆ ಸುತ್ತಿ ಅದರ ಎರಡೂ ತುದಿಯ ಹಗ್ಗವನ್ನು ದಡಕ್ಕೆ ತರುತ್ತಿದ್ದರು. ಹತ್ತಾರು ಜನ ಎರಡು ಸಾಲಾಗಿ ನಿಂತು ಗಂಟೆಗಟ್ಟಲೆ ಎಳೆಯುತ್ತಿದ್ದರು. ಹಗ್ಗಕ್ಕೆ ಕೈಕೊಟ್ಟವರಿಗೆಲ್ಲ ಪಾಲು. ಮೀನು ತೀರಾ ಹೆಚ್ಚಾದ ವರ್ಷ ತೆಂಗಿನ ಬುಡಕ್ಕೂ ಗೊಬ್ಬರವಾಗಿ ಹೋಗುತ್ತಿತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಹಿಂಡನ್ನು ಆಳದಲ್ಲೇ ಹಿಡಿಯತೊಡಗಿದವು. ದಡದಲ್ಲಿ ಕಾದು ನಿಂತವರ ರಂಪಣಿ ಮೂಲೆಗೆ ಸೇರಿತು.

ಬೇಸಗೆಯಲ್ಲಂತೂ ತೀರಕ್ಕೆ ಬಿಡುವೇ ಇರಲಿಲ್ಲ. ಮಳೆಗಾಲದ ನಾಲ್ಕು ತಿಂಗಳಿಗೆ ಬೇಕಾದ ಒಣಮೀನು, ಒಣ ಸಿಗಡಿ ಮರಳಿನ ಮೇಲೆ ಹರಡಿರುತ್ತಿತ್ತು. ದೋಣಿಗೆ ಎಣ್ಣೆ ಹಚ್ಚುವುದು, ಬಲೆಯ ಹರುಕು ನೇಯುವುದು, ಮಳೆ ಹಿಡಿಯುವ ಮುನ್ನ ದೋಣಿಯನ್ನು ಮೇಲೆಳೆದು ತೆಂಗಿನ ಗರಿ ಹೊದಿಸುವುದು, ಎಲ್ಲವೂ ಆ ಎರಡು ತಿಂಗಳಲ್ಲೇ ಆಗಬೇಕು. ಮನೆಯಂಗಳದಲ್ಲಿ ಮುರುಗಲು ಸಿಪ್ಪೆ, ಹಪ್ಪಳ, ಮಾವಿನ ಹೋಳು ಒಣಗುತ್ತಿದ್ದರೆ ಕಡಲಂಗಳದಲ್ಲಿ ಮೀನು. ಇಂಥ ತೀರಕ್ಕೆ ಗಾಳಿ ಕುಡಿಯಲು ಬಂದು ಕೂರುವವರು ಯಾರು?

ವ್ಯಾಪಾರಕ್ಕೆ ಬಂದವರು ಮಾತ್ರ ಬಹಳ ಹಿಂದೆಯೇ ಬಂದಿದ್ದರು. ಈಗಿನ ಪಟ್ಟಣದಿಂದ ಪೂರ್ವಕ್ಕೆ ಕಾಳಿ ನದಿಯ ದಂಡೆಯಲ್ಲಿದ್ದ ಹಳೆಯ ಕಾರವಾರದ ಮೆಣಸಿನ ಖ್ಯಾತಿ ಕೇಳಿ ಸರ್ ವಿಲಿಯಂ ಕೋರ್ಟೀನನ ಕಂಪನಿ 1638ರಲ್ಲಿ ಅಲ್ಲಿ ಕೋಠಿ ತೆರೆಯಿತು. ಮೆಣಸು, ಏಲಕ್ಕಿಗಳ ಜೊತೆಗೆ ಹುಬ್ಬಳ್ಳಿ ಸೀಮೆಯ ನೇಕಾರರ ನಯವಾದ ಮಸ್ಲಿನ್ ಬಟ್ಟೆಯೂ ಇಲ್ಲಿಂದಲೇ ಹಡಗು ಹತ್ತುತ್ತಿತ್ತು. ಹುಬ್ಬಳ್ಳಿಗೂ ಕಾರವಾರಕ್ಕೂ ಇರುವ ನಂಟು ಅಷ್ಟು ಹಳೆಯದು. ಆಗ ಘಟ್ಟ ಇಳಿಯುತ್ತಿದ್ದದ್ದು ಸರಕು, ಈಗ ಇಳಿಯುತ್ತಿರುವುದು ಪ್ರವಾಸಿಗರು.

ಆ ಕೋಠಿಗೆ ನೆಮ್ಮದಿ ಇರಲಿಲ್ಲ. 1665ರಲ್ಲಿ ಶಿವಾಜಿ ಇಲ್ಲಿನ ಇಂಗ್ಲಿಷರಿಂದ ಕಾಣಿಕೆ ವಸೂಲು ಮಾಡಿದ. 1674ರಲ್ಲಿ ಊರೇ ಬೆಂಕಿಗೆ ಆಹುತಿಯಾಯಿತು. 1679ರಲ್ಲಿ ಮುಚ್ಚಿದ ಕೋಠಿ 1682ರಲ್ಲಿ ಮತ್ತೆ ತೆರೆಯಿತು. ಎರಡು ವರ್ಷ ಕಳೆಯುವುದರೊಳಗೆ ಹಡಗಿನವರು ಹಸುವೊಂದನ್ನು ಕದ್ದು ಕೊಂದರೆಂದು ಊರವರು ಸಿಡಿದೆದ್ದು, ಇಂಗ್ಲಿಷರು ಗಂಟುಮೂಟೆ ಕಟ್ಟುವ ಸ್ಥಿತಿ ಬಂದಿತ್ತು. 1715ರ ಹೊತ್ತಿಗೆ ಸೋದೆಯ ಅರಸ ಹಳೆಯ ಕೋಟೆ ಕೆಡವಿಸಿ ನದಿಯ ಆಚೆ ದಡದ ಗುಡ್ಡದ ಮೇಲೆ ಸದಾಶಿವಗಡ ಕಟ್ಟಿಸಿದ. 1752ರಲ್ಲಿ ಪೋರ್ಚುಗೀಸರು ಸದಾಶಿವಗಡ ಹಿಡಿದ ಮೇಲೆ ಇಂಗ್ಲಿಷರ ವ್ಯಾಪಾರ ಇಲ್ಲಿ ಮತ್ತೆ ಚಿಗುರಲಿಲ್ಲ. 1801ರಲ್ಲಿ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲಿ ಹಾದುಹೋಗುವಾಗ ಹಳೆಯ ಕಾರವಾರ ಪಾಳುಬಿದ್ದಿತ್ತು.

ದಡದಲ್ಲಿ ಇಷ್ಟೆಲ್ಲ ನಡೆಯುತ್ತಿದ್ದಾಗ ಎದುರಿನ ಅಂಜುದೀವು ದ್ವೀಪದ್ದು ಬೇರೆಯೇ ಕಥೆ. ಅಲ್ಲಿ ಸಿಹಿನೀರಿನ ಒರತೆಗಳಿವೆ. ಕಡಲ ಯಾನದಲ್ಲಿ ಬಸವಳಿದವರಿಗೆ ಅದೇ ದೊಡ್ಡ ಆಸೆ. ವಾಸ್ಕೋ ಡ ಗಾಮ 1498ರಲ್ಲಿ ಊರಿಗೆ ಮರಳುವ ಮುನ್ನ ಇಲ್ಲಿ ತಂಗಿ ಹಡಗು ರಿಪೇರಿ ಮಾಡಿಸಿಕೊಂಡು ನೀರು ತುಂಬಿಸಿಕೊಂಡ. 1505ರಲ್ಲಿ ಪೋರ್ಚುಗೀಸರ ವೈಸರಾಯ್ ಅಲ್ಮೇಡಾ ಇಲ್ಲಿ ಕೋಟೆ ಕಟ್ಟಿಸಿದ. ಅದೇ ದ್ವೀಪ ಇಂಗ್ಲಿಷರಿಗೆ ಮಸಣವಾಯಿತು. ಪೋರ್ಚುಗಲ್ಲಿನ ರಾಜಕುಮಾರಿಯನ್ನು ಮದುವೆಯಾದ ಎರಡನೇ ಚಾರ್ಲ್ಸ್‌ಗೆ ಬಳುವಳಿಯಾಗಿ ಬಂದ ಮುಂಬಯಿಯನ್ನು ವಶಕ್ಕೆ ಪಡೆಯಲು ಹೊರಟ ಸರ್ ಅಬ್ರಹಾಂ ಶಿಪ್‌ಮನ್ನನ ಪಡೆಗೆ ಪೋರ್ಚುಗೀಸರು ಅಲ್ಲಿ ಇಳಿಯಗೊಡಲಿಲ್ಲ. ಪಡೆ ಬಂದು ಅಂಜುದೀವಿನಲ್ಲಿ ಬೀಡುಬಿಟ್ಟು ಕಾಯಿತು. ಮಳೆ, ಜ್ವರ, ಕೆಟ್ಟ ಆಹಾರ. 1664ರಲ್ಲಿ ಶಿಪ್‌ಮನ್ ಅಲ್ಲೇ ತೀರಿಕೊಂಡ. ಮರುವರ್ಷ ಮುಂಬಯಿಗೆ ಕಾಲಿಡುವ ಹೊತ್ತಿಗೆ ಸುಮಾರು ನಾನೂರು ಸೈನಿಕರಲ್ಲಿ ಉಳಿದವರು ನೂರರ ಆಸುಪಾಸು. ಇಂದಿನ ಪ್ರವಾಸಿಗ ಬೇಸಗೆಯ ತಿಳಿ ಬೆಳಕಿನಲ್ಲಿ ದಡದಿಂದ ಹಸಿರು ದ್ವೀಪಗಳನ್ನು ನೋಡುವಾಗ, ಈ ಕಡಲು ಜೂನ್ ನಂತರ ಏನಾಗುತ್ತದೆ ಎಂಬುದನ್ನೂ ನೆನೆಯಬೇಕು.

ಕಾರವಾರಕ್ಕೆ ಎರಡನೇ ಜನ್ಮ ಬಂದದ್ದು ಹತ್ತಿಯಿಂದ. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋಗಿ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು. ಆ ಹತ್ತಿ ಹಡಗು ಹತ್ತಲು ಹತ್ತಿರದ ಬಂದರು ಬೇಕಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಇದ್ದ ಮುಖ್ಯ ಕಾರಣ ಈ ಬಂದರೇ. ಜಿಲ್ಲಾಕೇಂದ್ರ ಹೊನ್ನಾವರದಿಂದ ಇಲ್ಲಿಗೆ ಬಂತು. ಅಲ್ಲಿಯವರೆಗೆ ಬರೀ ಮೀನುಗಾರರ ಹಳ್ಳಿಯಾಗಿದ್ದ ಜಾಗದಲ್ಲಿ ಕಚೇರಿ, ಕೋರ್ಟು, ಬಂಗಲೆ ಎದ್ದವು. ಘಟ್ಟದ ರಸ್ತೆಗಳು ಕೂಡಿಕೊಂಡವು. ಎದುರಿನ ಇನ್ನೊಂದು ದ್ವೀಪದ ನೆತ್ತಿಯ ಮೇಲೆ ದೀಪಸ್ತಂಭ ಬೆಳಗಿತು. ಗುಡ್ಡಗಳು ಗಾಳಿಗೆ ಅಡ್ಡ ನಿಂತು ಕಾಯುವ ಬೈತಖೋಲ ಕೊಲ್ಲಿ ಇರುವಾಗ ಇನ್ನೇನು ಬೇಕು ಎಂಬ ಲೆಕ್ಕ. ಇನ್ನೊಂದು ಮುಂಬಯಿಯನ್ನೇ ಕಟ್ಟುತ್ತೇವೆಂದು ನಂಬಿದವರೂ ಇದ್ದರು.

ಬೇಕಾದ್ದು ರೈಲು. ಹುಬ್ಬಳ್ಳಿ ಕಡೆಯಿಂದ ಕಾರವಾರಕ್ಕೆ ಹಳಿ ಹಾಕುವ ಮಾತು ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ 1878ರಲ್ಲಿ ಒಪ್ಪಂದವಾಯಿತು. ಹಳಿ ಕ್ಯಾಸಲ್‌ರಾಕ್ ಮೂಲಕ ಘಟ್ಟವಿಳಿದು ಗೋವೆಯ ಮುರ್ಮಗೋವಾ ಬಂದರಿಗೆ ಹೋಯಿತು. 1888ರಲ್ಲಿ ಆ ದಾರಿಯಲ್ಲಿ ಗಾಡಿ ಓಡತೊಡಗಿದ ಮೇಲೆ ಎತ್ತಿನಗಾಡಿಯಲ್ಲಿ ಕಾರವಾರಕ್ಕೆ ಹತ್ತಿ ಹೇರುವವರು ಯಾರು? ವ್ಯಾಪಾರ ಇಳಿಯಿತು. ಊರಿನಲ್ಲಿ ಉಳಿದದ್ದು ಕಚೇರಿ, ಮೀನು ಮತ್ತು ಮರಳು. ಆಗಿನ ವರ್ತಕರಿಗೆ ಅದು ದೊಡ್ಡ ಪೆಟ್ಟು. ಇಂದಿನ ಊರಿಗೆ ಅದೇ ದೊಡ್ಡ ಉಪಕಾರ ಎಂದು ಹೇಳಲು ಈ ಲೇಖನಕ್ಕೆ ಹಿಂಜರಿಕೆಯಿಲ್ಲ. ಅಂದು ರೈಲು ಬಂದಿದ್ದರೆ ಆ ಮೂರು-ನಾಲ್ಕು ಕಿಲೋಮೀಟರ್ ತೀರದ ತುಂಬ ಗೋದಾಮು, ಧಕ್ಕೆ, ಹಳಿಗಳೇ ಇರುತ್ತಿದ್ದವು.

ಟ್ಯಾಗೋರರು ಬಂದದ್ದು ಇಂಥ ಎರಡು ಕಾಲಗಳ ನಡುವೆ. ಅವರ ಅಣ್ಣ ಸತ್ಯೇಂದ್ರನಾಥರು ಐಸಿಎಸ್ ಸೇರಿದ ಮೊದಲ ಭಾರತೀಯರು. ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ರವೀಂದ್ರನಾಥರು ಮುಂದೆ ಬರೆದ ಜೀವನಸ್ಮೃತಿಯಲ್ಲಿ ಈ ಊರಿಗೊಂದು ಅಧ್ಯಾಯವೇ ಇದೆ. ಏಲಕ್ಕಿ, ಶ್ರೀಗಂಧಗಳ ನಾಡು, ಬೆಟ್ಟಗಳು ಸುತ್ತುವರಿದ ಪುಟ್ಟ ಬಂದರು, ಕಡಲಿನತ್ತ ತೋಳು ಚಾಚಿದಂತೆ ಬಾಗಿದ ದಡ, ಗಾಳಿಮರದ ಕಾಡು, ಒಂದು ತುದಿಯಲ್ಲಿ ಕಡಲಿಗೆ ಸೇರುವ ಕಾಳಿ ನದಿ, ಇವನ್ನೆಲ್ಲ ಅವರು ಅಕ್ಕರೆಯಿಂದ ನೆನೆದಿದ್ದಾರೆ. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ನದಿಯ ಮೇಲ್ಮುಖವಾಗಿ ಹೋಗಿ, ಗುಡ್ಡದ ಮೇಲಿನ ಕೋಟೆಯ ಬುಡದಲ್ಲಿ ಇಳಿದು, ರೈತನೊಬ್ಬನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕೂತು ಊಟ ಮಾಡಿ, ಇಳಿತದ ನೀರಿನಲ್ಲಿ ದೋಣಿಯನ್ನು ತೇಲಬಿಟ್ಟು ಅಳಿವೆಯವರೆಗೆ ಬಂದರು. ಅಲ್ಲಿಂದ ಮನೆಯವರೆಗೆ ಮರಳಿನ ಮೇಲೆ ನಡೆದರು. ಪ್ರವಾಸದ ಕರಪತ್ರಗಳು ಇಂದು ಹೇಳುವ ಕಾರವಾರದ ಸುಖವೆಲ್ಲ ಆ ಒಂದು ರಾತ್ರಿಯಲ್ಲಿ ಇದೆ.

ಅವರು ಇಲ್ಲಿ ಬರೆದದ್ದು 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟಕ. ಲೋಕದ ನಂಟನ್ನೆಲ್ಲ ಕಡಿದುಕೊಂಡೆನೆಂದು ಬೀಗುವ ಸಂನ್ಯಾಸಿಯನ್ನು ಅನಾಥ ಹುಡುಗಿಯೊಬ್ಬಳ ಪ್ರೀತಿ ಮತ್ತೆ ಲೋಕಕ್ಕೆ ಎಳೆತರುವ ಕಥೆ. ತಮ್ಮ ಮುಂದಿನ ಬರವಣಿಗೆಗೆಲ್ಲ ಇದೇ ಮುನ್ನುಡಿ ಎಂದು ಅವರೇ ಭಾವಿಸಿದ್ದರು. ಕಾರವಾರದಿಂದ ಮರಳಿದ ಬಳಿಕ, 1883ರ ಡಿಸೆಂಬರಿನಲ್ಲಿ ಅವರ ಮದುವೆಯಾಯಿತು. ತೀರಕ್ಕೆ ಅವರ ಹೆಸರಿಟ್ಟದ್ದು ಬಹಳ ಸರಿಯಾದ ಕೆಲಸ. ಬರೀ ಹೆಸರಿನ ಫಲಕದಲ್ಲಿ ನಿಲ್ಲಿಸದೆ ಆ ನಾಟಕವನ್ನು ವರ್ಷಕ್ಕೊಮ್ಮೆಯಾದರೂ ಕನ್ನಡದಲ್ಲಿ ಅಲ್ಲಿಯೇ ಆಡಿಸಿದರೆ ಇನ್ನೂ ಸರಿ.

ರಜೆಗೆ ಕಡಲಿಗೆ ಹೋಗುವುದೆಂಬ ರೂಢಿ ಸಾಮಾನ್ಯ ಜನರ ನಡುವೆ ಬಂದದ್ದು ಮೆಲ್ಲಗೆ. ಕರಾವಳಿಯ ಉಗಿಹಡಗುಗಳು ಮಳೆಗಾಲ ಕಳೆದ ಮೇಲೆ ಶುರುವಾಗಿ ಮೇ ತಿಂಗಳವರೆಗೆ ಮುಂಬಯಿಗೂ ಈ ಬಂದರುಗಳಿಗೂ ಓಡುತ್ತಿದ್ದವು. ಮುಂಬಯಿಯಲ್ಲಿ ನೌಕರಿ ಹಿಡಿದ ಕಾರವಾರ, ಅಂಕೋಲೆ, ಕುಮಟೆಯವರು ಬೇಸಗೆ ರಜೆಗೆ ಊರಿಗೆ ಬರುವುದು, ಕಡಲು ಮುಚ್ಚುವ ಮೊದಲು ಮರಳುವುದು ಅವರ ವರ್ಷದ ಲೆಕ್ಕವಾಯಿತು. ಘಟ್ಟದ ಮೇಲಿನವರಿಗೆ ವೈದ್ಯರು ಹವಾ ಬದಲಿಗೆಂದು ಹೇಳುವ ಊರುಗಳ ಸಾಲಿಗೆ ಕಡಲ ಊರುಗಳೂ ಸೇರಿದವು. ಹೀಗೆ ತೀರದಲ್ಲಿ ಸಂಜೆ ಹೊತ್ತು ಕೆಲಸವಿಲ್ಲದೆ ಕೂರುವ ಜನ ಕಾಣಿಸತೊಡಗಿದರು.

ಬೇಸಗೆಯ ಕಡಲಿಗೆ ಈ ಜಿಲ್ಲೆಯ ಜನ ಅತಿ ದೊಡ್ಡ ಸಂಖ್ಯೆಯಲ್ಲಿ ಇಳಿದದ್ದು ವಿಹಾರಕ್ಕಲ್ಲ ಎಂಬುದನ್ನೂ ಹೇಳಲೇಬೇಕು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಸಾವಿರಾರು ಮಂದಿ ಸೇರಿ ಉಪ್ಪಿನ ಕಾಯಿದೆ ಮುರಿದರು. ಕಾರವಾರದಿಂದ ದಕ್ಷಿಣಕ್ಕೆ ಗಂಟೆಯ ಹಾದಿಯೂ ಇಲ್ಲದ ಆ ಊರಿನ ಕಡಲಿಗೆ ಹೋಗುವವರು ಇದನ್ನು ತಿಳಿದು ಹೋದರೆ ಚೆಂದ.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಘಟ್ಟದ ಮೇಲಿನ ಶಾಲೆಗಳ ಪ್ರವಾಸದ ಪಟ್ಟಿಯಲ್ಲಿ ಜೋಗ, ಗೋಕರ್ಣಗಳ ಜೊತೆ ಕಾರವಾರದ ಹೆಸರೂ ಕಾಯಂ ಆಯಿತು. ಬಯಲುಸೀಮೆಯ ಎಷ್ಟೋ ಮಕ್ಕಳು ಮೊದಲ ಬಾರಿ ಕಡಲು ಕಂಡದ್ದು ಅರಬೈಲು ಘಟ್ಟ ಇಳಿದ ಕೆಂಪು ಬಸ್ಸಿನಿಂದ. ಉತ್ತರಕ್ಕೆ ಗೋವೆಯತ್ತ ಹೋಗಬೇಕಾದವರು ಕೋಡಿಬಾಗದಲ್ಲಿ ಇಳಿದು ದೋಣಿಯಲ್ಲಿ ಕಾಳಿ ದಾಟಬೇಕಿತ್ತು. 1980ರ ದಶಕದಲ್ಲಿ ಸೇತುವೆ ಬಂದು ಆ ಕಾಯುವಿಕೆ ತಪ್ಪಿತು. ಅದೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ನದಿಗೆ ಬಿತ್ತು. ಪಕ್ಕದ ಹೊಸ ಸೇತುವೆಯ ಮೇಲೆ ಈಗ ಎರಡೂ ಕಡೆಯ ಓಡಾಟ.

ಗೋವೆ ಪೋರ್ಚುಗೀಸರ ಕೈಯಲ್ಲಿದ್ದಷ್ಟು ಕಾಲ ಕಾರವಾರ ಗಡಿಯ ಊರು. ಅಂಜುದೀವು ಅವರದೇ. 1961ರ ನವೆಂಬರಿನಲ್ಲಿ ಆ ದ್ವೀಪದಿಂದ ಹಾರಿದ ಗುಂಡು 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿಗೆ ಬಡಿಯಿತು. ಕೆಲವೇ ದಿನಗಳಲ್ಲಿ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿ ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ಗೋವೆಯ ವಿಮೋಚನೆ ಕಾರ್ಯಾಚರಣೆಯ ಜೊತೆಗೇ 'ತ್ರಿಶೂಲ' ಯುದ್ಧನೌಕೆಯ ನಾವಿಕರು ಅಂಜುದೀವಿಗೆ ನುಗ್ಗಿದರು. ಅಲ್ಲಿ ಏಳು ನಾವಿಕರು ಪ್ರಾಣ ಕೊಟ್ಟರು. ಕಾರವಾರದ ದಡದವರಿಗೆ ಎದುರಿನ ದ್ವೀಪದ ಭಯ ಹೋದದ್ದು ಆ ದಿನ.

ಆಮೇಲಿನ ದೊಡ್ಡ ತಿರುವು 1986ರದು. ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಇಟ್ಟರು. ಸುಮಾರು 11 ಸಾವಿರ ಎಕರೆ ನೆಲ, ಪಟ್ಟಣದ ದಕ್ಷಿಣಕ್ಕೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದದ ತೀರ ಯೋಜನೆಗೆ ಹೋಯಿತು. ಅರ್ಗಾ, ಅಮದಳ್ಳಿ ಕಡೆಯ ಹಳ್ಳಿಗಳ ಸಾವಿರಾರು ಕುಟುಂಬಗಳು ಗದ್ದೆ, ತೋಟ, ದೋಣಿ ಇಡುವ ಜಾಗ ಬಿಟ್ಟು ಎದ್ದವು. 2005ರ ಮೇ 31ರಂದು ಕದಂಬ ನೌಕಾನೆಲೆ ಸೇವೆಗೆ ಸೇರಿತು. ದೇಶಕ್ಕೆ ಅದು ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಸಗೆಯ ಸಂಜೆ ಊರಿನವರು ತಮ್ಮದೆಂದು ಇಳಿಯುತ್ತಿದ್ದ ಅನೇಕ ಮರಳುತೀರಗಳು ಅಂದಿಗೆ ಬೇಲಿಯ ಹಿಂದೆ ಸರಿದವು. ಬೆಲೆ ತೆತ್ತವರು ಯಾರೆಂಬುದನ್ನು ಪ್ರವಾಸಿಗರು ಅರಿಯಬೇಕು. ಅಂಜುದೀವಿನ ಇಗರ್ಜಿಯ ಫೆಬ್ರುವರಿ ಹಬ್ಬಕ್ಕೆ ದೋಣಿಯಲ್ಲಿ ಬರುತ್ತಿದ್ದ ಭಕ್ತರಿಗೂ ದಾರಿ ಕಟ್ಟಾಯಿತು.

ರೈಲು ಕೊನೆಗೂ ಬಂತು, ಆದರೆ ಬೇರೆ ದಿಕ್ಕಿನಿಂದ. 1998ರ ಜನವರಿ 26ರಂದು ಲೋಕಾರ್ಪಣೆಯಾದ ಕೊಂಕಣ ರೈಲು ಮುಂಬಯಿಯನ್ನೂ ಮಂಗಳೂರನ್ನೂ ಜೋಡಿಸಿತು. ಕಾರವಾರದ ನಿಲ್ದಾಣ ಇರುವುದು ತೀರದಿಂದ ದೂರ, ಶಿರವಾಡದಲ್ಲಿ. ಹುಬ್ಬಳ್ಳಿಯಿಂದ ಅಂಕೋಲೆಗೆ ಹಳಿ ಹಾಕುವ ಯೋಜನೆ 1990ರ ದಶಕದ ಕೊನೆಯಲ್ಲಿ ಮಂಜೂರಾಗಿಯೂ ಘಟ್ಟದ ಕಾಡಿನ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ. ಆದ್ದರಿಂದ ಹುಬ್ಬಳ್ಳಿಯ ಸಂಸಾರ ಇಂದಿಗೂ ಕಾರವಾರಕ್ಕೆ ಬರುವುದು ಬಸ್ಸು, ಕಾರುಗಳಲ್ಲೇ.

ಹಾಗೆ ಬಂದವರಿಗೆ ಸಿಗುವುದೇನು? ಅಳಿವೆಯ ಆಚೆ ದೇವಬಾಗದ ಗಾಳಿಮರದ ತೋಪಿದೆ. ಪಟ್ಟಣದ ತೀರದಲ್ಲಿ 2006ರಿಂದ 'ಚಪಲ' ಎಂಬ ಕ್ಷಿಪಣಿ ನೌಕೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಮಕ್ಕಳಿಗೆ ಅದರ ಏಣಿ ಹತ್ತುವುದೇ ಸಂಭ್ರಮ. ಊರಿನವರು ಮೆಚ್ಚುವುದು ಮಾತ್ರ ಇದಕ್ಕಿಂತ ಸರಳವಾದದ್ದು. ಬೆಳಗ್ಗೆ ಬೇಗ ಮೀನು ಮಾರುಕಟ್ಟೆಗೆ ಹೋಗಿ ಹೆಂಗಸರ ಬುಟ್ಟಿಯಲ್ಲಿ ಅಂದಿನ ತಾರ್ಲೆಯೋ ನೊಗಲಿಯೋ ಯಾವುದು ಹಸಿ ಎಂದು ನೋಡುವುದು. ಇಳಿತದ ಹೊತ್ತಿನಲ್ಲಿ ಅಳಿವೆಯಲ್ಲಿ ತೆಗೆದ ಬೆಳಚಿನ ಸುಕ್ಕ. ಮಧ್ಯಾಹ್ನದ ಊಟಕ್ಕೆ ತೆಂಗಿನ ಹಾಲಿನ ಸೋಲಕಡಿ. ಬಿಸಿಲೇರಿದರೆ ಮುರುಗಲು ಪಾನಕ. ಅಂಕೋಲೆಯ ರಸ್ತೆ ಬದಿಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿಟ್ಟು ಮಾರುವ ಕರಿ ಈಶಾಡು ಮಾವು ಸಿಕ್ಕರೆ ಬಿಡಬಾರದು. ತೆಳು ಸಿಪ್ಪೆಯ ಈ ಹಣ್ಣು ಹೆಚ್ಚು ದಿನ ಇಡುವುದಕ್ಕೆ ಬರುವುದಿಲ್ಲ, ದೂರದ ಪೇಟೆ ಕಾಣುವುದೂ ಅಪರೂಪ. 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮೇ ತಿಂಗಳಾದರೆ ಅಂಕೋಲೆಯ ಬಂಡಿಹಬ್ಬವೂ ಜೊತೆಗೂಡುತ್ತದೆ. ಸಂಜೆ ಕೆಲವೆಡೆ ಇನ್ನೂ ಏಂಡಿ ಬಲೆ ಎಳೆಯುತ್ತಾರೆ. ರಂಪಣಿಯ ವೈಭವ ಅದಕ್ಕಿಲ್ಲ, ಆದರೂ ಹಗ್ಗಕ್ಕೆ ಕೈಕೊಡುವವರನ್ನು ಯಾರೂ ದೂರ ಹೋಗು ಅನ್ನುವುದಿಲ್ಲ.

ಈ ಉಳಿದ ತೀರಕ್ಕೂ 2020ರಲ್ಲಿ ಕುತ್ತು ಬಂದಿತ್ತು. ಸಾಗರಮಾಲಾ ಯೋಜನೆಯಡಿ ಬಂದರು ವಿಸ್ತರಿಸಲು ಟ್ಯಾಗೋರ್ ತೀರದ ಬದಿಯಿಂದ ಅಲೆತಡೆ ಗೋಡೆಯ ಕೆಲಸ ಜನವರಿಯಲ್ಲಿ ಶುರುವಾದಾಗ ಮೀನುಗಾರರು ಬೀದಿಗಿಳಿದರು, ಪೇಟೆ ಮುಚ್ಚಿತು, ವಿಷಯ ಹೈಕೋರ್ಟಿಗೆ ಹೋಯಿತು. ಸೀಬರ್ಡಿಗೆ ತೀರ ಕೊಟ್ಟವರ ಪಾಲಿಗೆ ದೋಣಿ ಎಳೆದಿಡಲು, ಬಲೆ ಹರಡಲು ಉಳಿದ ದೊಡ್ಡ ಬಯಲು ಇದೊಂದೇ. ಪ್ರವಾಸಿಗರ ವಿಹಾರಕ್ಕೂ ಮೀನುಗಾರರ ದುಡಿಮೆಗೂ ಇಲ್ಲಿ ಜಗಳವಿಲ್ಲ; ಇಬ್ಬರಿಗೂ ಬೇಕಾದದ್ದು ಒಂದೇ, ಗೋಡೆಯಿಲ್ಲದ ಮರಳು. ಅಲಿಗದ್ದಾದಿಂದ ಕೋಡಿಬಾಗದವರೆಗಿನ ಆ ಬಾಗು ಹಾಗೆಯೇ ಉಳಿಯಬೇಕು. ಅದನ್ನು ಒತ್ತಿ ಹೇಳುವ ಹೊಣೆ ಮೀನುಗಾರರ ಮೇಲೆ ಮಾತ್ರ ಇರಬಾರದು. ಪ್ರತಿ ಬೇಸಗೆ ಅಲ್ಲಿಗೆ ಹೋಗಿ ಬರುವ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರೂ ದನಿಗೂಡಿಸಬೇಕು.

ಹೋಗುವವರು ಮೇ ಕೊನೆಯೊಳಗೆ ಹೋಗಿಬರುವುದು ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ 61 ದಿನ ಮಾರುಕಟ್ಟೆಯಲ್ಲಿ ಹಸಿಮೀನು ಕಡಿಮೆ, ನೀರಿಗಿಳಿಯುವುದು ಅಪಾಯ.